ಗೊರಕೆ ಹೊಡೆಯುವ ಮಗುವಿಗೆ ಹಲ್ಲಿನ ಪ್ಲೇಟು: ಹಾಕಿಸುವ ಮೊದಲು, ಹಾಕಿಸಿದ ಮೇಲೆ

ಮಗು ರಾತ್ರಿಯಿಡೀ ಗೊರಕೆ ಹೊಡೆಯುತ್ತದೆ. ಬಾಯಿ ತೆರೆದೇ ಮಲಗುತ್ತದೆ. ಹಲ್ಲು ತೋರಿಸಲು ಹೋದಾಗ ಡಾಕ್ಟರ್ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ, "ಅಂಗುಳ ಕಿರಿದಾಗಿದೆ. ಅಗಲ ಮಾಡಿದರೆ ಹಲ್ಲಿಗೆ ಜಾಗವೂ ಆಗುತ್ತೆ, ಉಸಿರಾಟವೂ ಸರಿಹೋಗುತ್ತೆ" ಅನ್ನುತ್ತಾರೆ. ಅಪ್ಪ ಅಮ್ಮ ಗೊಂದಲಕ್ಕೆ ಬೀಳುವುದು ಇಲ್ಲೇ. ಅಂಗುಳ ಅಗಲ ಮಾಡುವ ಹಲ್ಲಿನ ಪ್ಲೇಟಿಗೂ ಗೊರಕೆಗೂ ಏನು ಸಂಬಂಧ?

ಸಂಬಂಧ ಇದೆ. ಆದರೆ ಜಾಹೀರಾತುಗಳಲ್ಲಿ ಹೇಳುವಷ್ಟು ಇಲ್ಲ. ಮೇಲ್ದವಡೆ ನಿಜಕ್ಕೂ ಕಿರಿದಾಗಿರುವ ಕೆಲವು ಮಕ್ಕಳಿಗೆ ಪ್ಲೇಟಿನಿಂದ ನಿದ್ದೆಯ ಉಸಿರಾಟ ಸುಧಾರಿಸುತ್ತದೆ. ಗೊರಕೆ ಹೊಡೆಯುವ ಎಲ್ಲ ಮಕ್ಕಳಿಗೂ ಇದು ಮದ್ದಲ್ಲ. ಇದರಲ್ಲಿ ಯಾವುದರ ನಂತರ ಯಾವುದು ಅನ್ನುವುದೇ ಮುಖ್ಯ. ಮೊದಲು ನಿದ್ದೆ, ಆಮೇಲೆ ಮೂಗು ಮತ್ತು ಗಂಟಲು, ಅದಾದ ಮೇಲೆ ದವಡೆ. ಬಹಳ ಕಡೆ ಇದು ತಿರುವುಮುರುವಾಗುತ್ತದೆ. ಮೊದಲು ಪ್ಲೇಟು ಬರುತ್ತದೆ, ಗಂಟಲಲ್ಲಿ ಏನಿದೆ ಅಂತ ನೋಡುವುದು ವರ್ಷ ಕಳೆದ ಮೇಲೆ.

ಹಂತ 1: ಗೊರಕೆ ಯಾವ ಥರದ್ದು ಎಂದು ಗಮನಿಸಿ

ನೆಗಡಿ ಬಂದಾಗ ನಾಲ್ಕು ದಿನ ಗೊರಕೆ ಹೊಡೆದರೆ ತಲೆ ಕೆಡಿಸಿಕೊಳ್ಳಬೇಡಿ. ನೆಗಡಿ ಇಲ್ಲದಿದ್ದರೂ ವಾರಕ್ಕೆ ಮೂರು ರಾತ್ರಿ ಅಥವಾ ಅದಕ್ಕಿಂತ ಜಾಸ್ತಿ ಗೊರಕೆ ಇದ್ದರೆ ಮಾತ್ರ ಅದು ವಿಚಾರಿಸಬೇಕಾದ ಗೊರಕೆ. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಹೀಗಿರುತ್ತದೆ. ಅವರೆಲ್ಲರಿಗೂ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಇರುವುದಿಲ್ಲ. ಅಪ್ನಿಯಾ ಇರುವುದು ಅಂದಾಜು ಶೇ. 1ರಿಂದ 5ರಷ್ಟು ಮಕ್ಕಳಿಗೆ. ಎರಡರಿಂದ ಎಂಟು ವರ್ಷದೊಳಗೆ ಇದು ಹೆಚ್ಚು. ಆ ವಯಸ್ಸಿನಲ್ಲಿ ಗಂಟಲಿನ ಜಾಗಕ್ಕೆ ಹೋಲಿಸಿದರೆ ಟಾನ್ಸಿಲ್ (ಗಂಟಲಿನ ಎರಡು ಪಕ್ಕದ ಗಂಟುಗಳು) ಮತ್ತು ಅಡಿನಾಯ್ಡ್ (ಮೂಗಿನ ಹಿಂದಿನ ಅಂಥದ್ದೇ ಗಂಟು) ದೊಡ್ಡದಾಗಿರುತ್ತವೆ.

ನಿದ್ದೆ ಬಂದಾಗ ಗಂಟಲಿನ ಸ್ನಾಯು ಸಡಿಲವಾಗುತ್ತದೆ. ದಾರಿ ಮೊದಲೇ ಇಕ್ಕಟ್ಟಾಗಿದ್ದರೆ ಅದು ಆಗಾಗ ಮುಚ್ಚಿಕೊಳ್ಳುತ್ತದೆ. ಮಗು ಉಸಿರೆಳೆಯಲು ಒದ್ದಾಡುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಮೆದುಳು ಒಂದು ಕ್ಷಣ ಎಚ್ಚರವಾಗಿ ದಾರಿ ಬಿಡಿಸುತ್ತದೆ, ಮತ್ತೆ ನಿದ್ದೆ. ರಾತ್ರಿಯಿಡೀ ಇದೇ ಕಥೆ.

ಇದನ್ನು ಡಾಕ್ಟರಿಗೆ ಬಾಯಲ್ಲಿ ವಿವರಿಸುವುದಕ್ಕಿಂತ ಮೊಬೈಲಿನಲ್ಲಿ ತೋರಿಸುವುದು ಒಳ್ಳೆಯದು. ಬೆಳಗಿನ ಜಾವ ವಿಡಿಯೊ ಮಾಡಿ. ಕನಸಿನ ನಿದ್ದೆ ರಾತ್ರಿಯ ಎರಡನೇ ಅರ್ಧದಲ್ಲಿ ಜಾಸ್ತಿ, ಮಕ್ಕಳಿಗೆ ಉಸಿರು ಕಟ್ಟುವುದೂ ಆಗಲೇ ಜಾಸ್ತಿ. ಹೊದಿಕೆ ಸರಿಸಿ, ಅಂಗಿ ಸ್ವಲ್ಪ ಮೇಲೆತ್ತಿ, ಮುಖದಿಂದ ಹೊಟ್ಟೆಯವರೆಗೆ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಹಿಡಿಯಿರಿ. ಫ್ಯಾನಿನ ಸದ್ದು ಉಸಿರಿನ ಸದ್ದನ್ನು ನುಂಗುತ್ತದೆ, ಅದನ್ನು ಆರಿಸಿ. ಎರಡು ಮೂರು ನಿಮಿಷ ಸಾಕು. ಆಮೇಲೆ ನಿಧಾನವಾಗಿ ನೋಡಿ. ಗೊರಕೆ ಏಕಾಏಕಿ ನಿಲ್ಲುತ್ತದೆಯೇ? ನಿಂತಾಗಲೂ ಎದೆ ಹೊಟ್ಟೆ ಅಲ್ಲಾಡುತ್ತಿದೆಯೇ? ಹೊಟ್ಟೆ ಉಬ್ಬಿದಾಗ ಎದೆ ಒಳಕ್ಕೆ ಹೋಗುತ್ತದೆಯೇ? ಕತ್ತಿನ ಬುಡದ ಗುಳಿ ಒಳಕ್ಕೆ ಎಳೆದುಕೊಳ್ಳುತ್ತದೆಯೇ? ಕೊನೆಗೆ ಬೆಚ್ಚಿಬಿದ್ದಂತೆ ಗಬಕ್ಕನೆ ಉಸಿರೆಳೆದು ಮಗ್ಗುಲು ಬದಲಿಸುತ್ತದೆಯೇ? ವಿಡಿಯೊದಲ್ಲಿ ಏನೂ ಕಾಣಲಿಲ್ಲ ಅಂದಮಾತ್ರಕ್ಕೆ ತೊಂದರೆ ಇಲ್ಲ ಎಂದಲ್ಲ. ಕಂಡರೆ ಮಾತ್ರ ಅದು ದೊಡ್ಡ ಸುಳಿವು.

ಕತ್ತನ್ನು ಹಿಂದಕ್ಕೆ ಚಾಚಿ ಮಲಗುವುದು, ಮೈಯೆಲ್ಲ ಬೆವರುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಬೆಳಿಗ್ಗೆ ತಲೆನೋವು, ಇವನ್ನೂ ಬರೆದಿಟ್ಟುಕೊಳ್ಳಿ. ಹಗಲಿನ ಲಕ್ಷಣ ಮಾತ್ರ ದಾರಿ ತಪ್ಪಿಸುತ್ತದೆ. ದೊಡ್ಡವರಿಗೆ ನಿದ್ದೆ ಸಾಲದಿದ್ದರೆ ತೂಕಡಿಸುತ್ತಾರೆ. ಮಕ್ಕಳು ಹಾಗಲ್ಲ. ಚಡಪಡಿಸುತ್ತಾರೆ, ರಚ್ಚೆ ಹಿಡಿಯುತ್ತಾರೆ, ಒಂದು ಕಡೆ ಕೂರುವುದಿಲ್ಲ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ. ತುಂಟತನ ಅಂತ ಬೈಸಿಕೊಳ್ಳುವ ಮಕ್ಕಳಲ್ಲಿ ಕೆಲವರಿಗೆ ಬೇಕಾಗಿರುವುದು ನೆಟ್ಟಗಿನ ನಿದ್ದೆ.

ತುಟಿ ನೀಲಿಗಟ್ಟಿದರೆ, ಮಗುವನ್ನು ಎಬ್ಬಿಸುವುದೇ ಕಷ್ಟವಾದರೆ, ಈ ಹಂತಗಳನ್ನೆಲ್ಲ ಬಿಟ್ಟು ಆಗಲೇ ಆಸ್ಪತ್ರೆಗೆ ಹೋಗಿ.

ಹಂತ 2: ಮೊದಲು ಮಕ್ಕಳ ಡಾಕ್ಟರ್, ಇಎನ್‌ಟಿ ಡಾಕ್ಟರ್

ವಿಡಿಯೊ ಹಿಡಿದು ಮೊದಲು ಹೋಗಬೇಕಾದ್ದು ಮಕ್ಕಳ ಡಾಕ್ಟರ ಹತ್ತಿರ. ಅವರು ಪ್ರಶ್ನಾವಳಿ ಕೊಡಬಹುದು. 2000ದಲ್ಲಿ ಪ್ರಕಟವಾದ 22 ಪ್ರಶ್ನೆಗಳ ಒಂದು ಪಟ್ಟಿ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಸುಮಾರು ಮೂರನೇ ಒಂದು ಪಾಲಿಗಿಂತ ಹೆಚ್ಚು ಪ್ರಶ್ನೆಗಳಿಗೆ "ಹೌದು" ಬಂದರೆ ಮುಂದಿನ ಪರೀಕ್ಷೆ ಬೇಕು ಎಂದರ್ಥ. ಕಾಯಿಲೆ ಇದೆ ಎಂಬ ತೀರ್ಪು ಅದಲ್ಲ.

ಆಮೇಲೆ ಇಎನ್‌ಟಿ. ಟಾನ್ಸಿಲ್ ಬಾಯಿ ತೆರೆದರೆ ಕಾಣುತ್ತದೆ, ಅಡಿನಾಯ್ಡ್ ಕಾಣುವುದಿಲ್ಲ. ಅದು ಮೂಗಿನ ಹಿಂಭಾಗದಲ್ಲಿ, ಅಂಗುಳದ ಮೇಲೆ ಅವಿತಿರುತ್ತದೆ. ಎಕ್ಸ್‌ರೇಯಲ್ಲಿ ಅಥವಾ ಮೂಗಿನೊಳಗೆ ಬಿಡುವ ಸಣ್ಣ ಕ್ಯಾಮೆರಾದಲ್ಲಿ ನೋಡಬೇಕು. ಅಲರ್ಜಿಯಿಂದ ಮೂಗು ಸದಾ ಕಟ್ಟಿರುವ ಮಗುವಿಗೆ ಉಪ್ಪುನೀರಿನ ಹನಿ, ಕೆಲವು ವಾರ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಕೊಟ್ಟು ನೋಡುತ್ತಾರೆ. ತೊಂದರೆ ಅಷ್ಟೇನೂ ಇಲ್ಲದಿದ್ದರೆ ಎಷ್ಟೋ ಸಲ ಅಷ್ಟಕ್ಕೇ ಕಡಿಮೆಯಾಗುತ್ತದೆ. ಸ್ಟೀರಾಯ್ಡ್ ಅಂದಕೂಡಲೇ ಹೆದರಬೇಡಿ. ಇದು ಮೂಗಿಗಷ್ಟೇ ಹೊಡೆಯುವ ಸಣ್ಣ ಪ್ರಮಾಣದ್ದು. ಹಾಗಂತ ಡಾಕ್ಟರ್ ಹೇಳದೆ ಅಂಗಡಿಯಿಂದ ತಂದು ಸುಮ್ನೆ ಹೊಡೆಯುವುದೂ ಸರಿಯಲ್ಲ.

ಟಾನ್ಸಿಲ್, ಅಡಿನಾಯ್ಡ್ ದೊಡ್ಡದಾಗಿದ್ದು ಅಪ್ನಿಯಾ ಇದೆ ಎಂದಾದರೆ ಅವುಗಳನ್ನು ತೆಗೆಯುವ ಆಪರೇಷನ್ನೇ ಸಾಮಾನ್ಯವಾಗಿ ಮೊದಲ ಚಿಕಿತ್ಸೆ. 2013ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅದರಲ್ಲಿ 5ರಿಂದ 9 ವರ್ಷದ 464 ಮಕ್ಕಳಿದ್ದರು. ಅರ್ಧದಷ್ಟು ಮಕ್ಕಳಿಗೆ ಬೇಗ ಆಪರೇಷನ್ ಮಾಡಿದರು, ಉಳಿದವರನ್ನು ಕಾದು ನೋಡಿದರು. ಏಳು ತಿಂಗಳ ನಂತರ ಆಪರೇಷನ್ ಆದವರಲ್ಲಿ ಶೇ. 79ರಷ್ಟು ಮಕ್ಕಳ ನಿದ್ದೆಯ ಉಸಿರಾಟ ಸಹಜವಾಗಿತ್ತು. ಏನೂ ಆಪರೇಷನ್ ಮಾಡದವರಲ್ಲೂ ಶೇ. 46ರಷ್ಟು ಮಕ್ಕಳು ಸರಿಹೋಗಿದ್ದರು.

ಈ 46 ಅನ್ನುವ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. "ಪ್ಲೇಟು ಹಾಕಿದೆವು, ಆರು ತಿಂಗಳಲ್ಲಿ ಗೊರಕೆ ಹೋಯಿತು" ಎಂದು ಯಾರಾದರೂ ಹೇಳಿದಾಗ ಕೇಳಬೇಕಾದ ಪ್ರಶ್ನೆ ಇದು: ಪ್ಲೇಟು ಹಾಕದಿದ್ದರೂ ಹೋಗುತ್ತಿತ್ತೇ? ಮಕ್ಕಳು ಬೆಳೆಯುತ್ತಾರೆ, ಗಂಟಲು ಅಗಲವಾಗುತ್ತದೆ, ಅಡಿನಾಯ್ಡ್ ಕುಗ್ಗುತ್ತದೆ. ಹೋಲಿಸಲು ಇನ್ನೊಂದು ಗುಂಪು ಇಲ್ಲದ ಯಾವ ಅಧ್ಯಯನದಲ್ಲೂ ಈ ಅನುಮಾನ ಉಳಿದೇ ಇರುತ್ತದೆ.

ಹಂತ 3: ಸ್ಲೀಪ್ ಸ್ಟಡಿ ಮಾಡಿಸಿ, ವರದಿ ಓದಲು ಕಲಿಯಿರಿ

ಮಗು ಒಂದು ರಾತ್ರಿ ಲ್ಯಾಬಿನಲ್ಲಿ ಮಲಗಬೇಕು, ಜೊತೆಗೆ ನೀವೂ. ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸುತ್ತಾರೆ. ಸೂಜಿ ಚುಚ್ಚುವುದಿಲ್ಲ. ಮೆದುಳಿನ ಅಲೆ, ಗಾಳಿಯ ಹರಿವು, ಎದೆ-ಹೊಟ್ಟೆಯ ಚಲನೆ, ಆಮ್ಲಜನಕ ಎಲ್ಲವೂ ದಾಖಲಾಗುತ್ತವೆ.

ವರದಿಯಲ್ಲಿ ಎಎಚ್‌ಐ ಎಂಬ ಸಂಖ್ಯೆ ಹುಡುಕಿ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕಡಿಮೆಯಾಯಿತು ಎಂಬ ಲೆಕ್ಕ ಅದು. ಮಕ್ಕಳಲ್ಲಿ ಸಾಮಾನ್ಯವಾಗಿ 1ರಿಂದ 5ರವರೆಗೆ ಸೌಮ್ಯ, 5ರಿಂದ 10 ಮಧ್ಯಮ, 10ಕ್ಕಿಂತ ಮೇಲೆ ತೀವ್ರ ಅನ್ನುತ್ತಾರೆ. ದೊಡ್ಡವರಿಗೆ 5ರವರೆಗೂ ಸಹಜ. ಮಗುವಿನ ವರದಿಯಲ್ಲಿ 4 ಬಂದು ಕೆಳಗೆ "ನಾರ್ಮಲ್" ಎಂದಿದ್ದರೆ, ಯಾರ ಅಳತೆಗೋಲು ಬಳಸಿದ್ದೀರಿ ಎಂದು ಕೇಳಲೇಬೇಕು.

ಮನೆಯಲ್ಲೇ ಮಾಡುವ ಚಿಕ್ಕ ಯಂತ್ರದ ಪರೀಕ್ಷೆ ದೊಡ್ಡವರಿಗೆ ನಡೆಯುತ್ತದೆ. ಮಕ್ಕಳಲ್ಲಿ ಅದರ ಮೇಲೆ ರೋಗನಿರ್ಣಯ ಮಾಡಬಾರದು ಎಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2017ರಲ್ಲಿ ಹೇಳಿದೆ. ಲ್ಯಾಬು ಕೈಗೆಟುಕದ ಕಡೆ ಡಾಕ್ಟರುಗಳು ರಾತ್ರಿಯಿಡೀ ಬೆರಳಿಗೆ ಆಕ್ಸಿಮೀಟರ್ ಕಟ್ಟಿ ನೋಡುವುದುಂಟು. ಅದರಲ್ಲಿ ಆಮ್ಲಜನಕ ಮತ್ತೆ ಮತ್ತೆ ಕುಸಿದಿದ್ದರೆ ಅದು ಪ್ರಬಲ ಸುಳಿವು. ಸರಿಯಾಗಿದ್ದರೆ ಅಪ್ನಿಯಾ ಇಲ್ಲ ಎನ್ನಲು ಅದು ಸಾಲದು.

ಇನ್ನು ಆ ಬಣ್ಣದ ಸ್ಕ್ಯಾನಿನ ವಿಷಯ. ಕೆಲವು ಹಲ್ಲಿನ ಕ್ಲಿನಿಕ್ಕುಗಳಲ್ಲಿ ಮೂರು ಆಯಾಮದ ಸ್ಕ್ಯಾನ್ ತೆಗೆದು, ಗಂಟಲಿನ ದಾರಿಯನ್ನು ಕೆಂಪು ಹಸಿರು ಬಣ್ಣದಲ್ಲಿ ತೋರಿಸುತ್ತಾರೆ. ಕೆಂಪು ಕಂಡ ಅಪ್ಪ ಅಮ್ಮನ ಜೀವ ಬಾಯಿಗೆ ಬರುತ್ತದೆ. ಆದರೆ ಮಗು ಆ ಹೊತ್ತಿನಲ್ಲಿ ಎಚ್ಚರವಾಗಿದೆ. ಕುಳಿತಿದೆ ಅಥವಾ ನಿಂತಿದೆ. ನಾಲಿಗೆ ಎಲ್ಲಿತ್ತು, ಉಗುಳು ನುಂಗಿತೇ, ತಲೆ ಎಷ್ಟು ಬಾಗಿತ್ತು ಎಂಬುದರ ಮೇಲೆ ಆ ಅಗಲ ಬದಲಾಗುತ್ತದೆ. ಮಲಗಿ ಸ್ನಾಯು ಸಡಿಲವಾದಾಗ ದಾರಿ ಮುಚ್ಚಿಕೊಳ್ಳುತ್ತದೋ ಇಲ್ಲವೋ ಅದರಲ್ಲಿ ತಿಳಿಯುವುದಿಲ್ಲ. ಮೂಳೆ, ಹಲ್ಲು ನೋಡಲು ಸ್ಕ್ಯಾನ್ ಬೇಕಾಗಬಹುದು, ಸರಿ. ಅಪ್ನಿಯಾ ಇದೆ ಎಂದು ಹೇಳಲು ಅದನ್ನು ಬಳಸಿದರೆ ನಾನಂತೂ ಒಪ್ಪುವುದಿಲ್ಲ.

ಹಂತ 4: ಈಗ ದವಡೆ

ಅಂಗುಳವೇ ಮೂಗಿನ ನೆಲ. ಬಾಯಿಯ ಕಡೆಯಿಂದ ನೋಡಿದರೆ ಚಾವಣಿ, ಮೂಗಿನ ಕಡೆಯಿಂದ ನೋಡಿದರೆ ನೆಲ. ಅಂಗುಳ ಕಿರಿದಾಗಿ ಕಮಾನಿನಂತೆ ಮೇಲೇರಿದ್ದರೆ ಮೂಗಿನ ದಾರಿಯೂ ಇಕ್ಕಟ್ಟು, ನಾಲಿಗೆಗೆ ಕೂರಲು ಜಾಗವೂ ಇಲ್ಲ. ನಾಲಿಗೆ ಕೆಳಗೆ, ಹಿಂದಕ್ಕೆ ಸರಿಯುತ್ತದೆ. ದವಡೆಯ ಪ್ಲೇಟಿಗೂ ಉಸಿರಾಟಕ್ಕೂ ಇರುವ ಕೊಂಡಿ ಇಷ್ಟೇ.

ತಿರುಗಿಸಿ ನೋಡಿದರೂ ನಿಜ. ಮೂಗು ಕಟ್ಟಿದ ಮಗು ವರ್ಷಗಟ್ಟಲೆ ಬಾಯಲ್ಲಿ ಉಸಿರಾಡಿದರೆ ನಾಲಿಗೆ ಅಂಗುಳಕ್ಕೆ ತಾಗುವುದಿಲ್ಲ, ಒಳಗಿನ ಒತ್ತು ಇಲ್ಲದೆ ಅಂಗುಳ ಕಿರಿದಾಗಿ ಬೆಳೆಯಬಹುದು. ಯಾವುದು ಮೊದಲು ಎಂದು ಒಂದೊಂದು ಮಗುವಿನಲ್ಲಿ ಹೇಳುವುದು ಸುಲಭವಲ್ಲ. ಮೂಗನ್ನು ಬಿಟ್ಟು ದವಡೆಯನ್ನಷ್ಟೇ ಸರಿಮಾಡಲು ಹೋಗಬಾರದು ಅನ್ನುವುದು ಇದಕ್ಕೇ.

ಮನೆಯಲ್ಲೇ ಒಂದು ನೋಟ ನೋಡಬಹುದು. ಹಿಂದಿನ ಹಲ್ಲು ಕಚ್ಚಲು ಹೇಳಿ, ಕೆನ್ನೆಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆಯಿರಿ. ಮೇಲಿನ ದವಡೆ ಹಲ್ಲುಗಳು ಕೆಳಗಿನವುಗಳ ಹೊರಗೆ ಬರಬೇಕು. ಒಂದು ಕಡೆಯೋ ಎರಡೂ ಕಡೆಯೋ ಮೇಲಿನವು ಒಳಗೆ ಕೂತಿದ್ದರೆ ಅದು ಕ್ರಾಸ್‌ಬೈಟ್. ಮೇಲ್ದವಡೆ ಕಿರಿದು ಎಂಬುದಕ್ಕೆ ಇದು ಒಳ್ಳೆಯ ಗುರುತು. ಕೆಳದವಡೆ ತೀರಾ ಹಿಂದಿದ್ದು ಮೇಲಿನ ಹಲ್ಲು ಮುಂದೆ ಚಾಚಿಕೊಂಡಿದೆಯೇ ಎಂದು ಪಕ್ಕದಿಂದಲೂ ನೋಡಿ.

ಆರ್ಥೊಡಾಂಟಿಸ್ಟ್, ಅಂದರೆ ಹಲ್ಲು ಮತ್ತು ದವಡೆ ಸರಿಪಡಿಸುವ ತಜ್ಞರು, ನಿದ್ದೆಯ ತೊಂದರೆಯ ಲಕ್ಷಣ ಗುರುತಿಸಿ ವೈದ್ಯರ ಬಳಿ ಕಳಿಸಬೇಕು. ಅಪ್ನಿಯಾ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ. ಇದು ನನ್ನೊಬ್ಬನ ಮಾತಲ್ಲ, ಅಮೆರಿಕದ ಆರ್ಥೊಡಾಂಟಿಸ್ಟರ ಸಂಘವೇ 2019ರಲ್ಲಿ ಹೀಗೆ ಬರೆದಿದೆ. ದವಡೆಯ ಲೆಕ್ಕದಲ್ಲಿ ಬೇಕಿಲ್ಲದಿದ್ದರೂ, ಮುಂದೆ ಅಪ್ನಿಯಾ ಬಾರದಿರಲಿ ಅಂತ ಮುಂಜಾಗ್ರತೆಗೆ ಅಂಗುಳ ಅಗಲ ಮಾಡಬಾರದು ಎಂದೂ ಅದರಲ್ಲಿದೆ.

ಹಂತ 5: ಯಾವ ಪ್ಲೇಟು, ಯಾರಿಗೆ

ಅಂಗುಳ ಅಗಲ ಮಾಡುವ ಎಕ್ಸ್‌ಪ್ಯಾಂಡರ್ ಹೊಸದೇನಲ್ಲ. 1860ರಲ್ಲೇ ಅಮೆರಿಕದ ಎಮರ್ಸನ್ ಏಂಜೆಲ್ ಒಬ್ಬ ಹುಡುಗಿಗೆ ಸ್ಕ್ರೂ ಇರುವ ಸಾಧನ ಹಾಕಿ ಮೇಲ್ದವಡೆ ಅಗಲಿಸಿದ್ದರ ಬಗ್ಗೆ ಬರೆದಿದ್ದರು. ಮೇಲ್ದವಡೆ ಎರಡು ಮೂಳೆಗಳದ್ದು. ನಡುವಿನ ಬೆಸುಗೆ ಮಕ್ಕಳಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಹಲ್ಲಿಗೆ ಭದ್ರವಾಗಿ ಅಂಟಿಸಿದ ಸಾಧನದ ಸ್ಕ್ರೂವನ್ನು ದಿನಾ ಸ್ವಲ್ಪ ತಿರುಗಿಸಿದರೆ ಆ ಬೆಸುಗೆ ಬಿಟ್ಟುಕೊಂಡು ನಡುವೆ ಹೊಸ ಮೂಳೆ ತುಂಬುತ್ತದೆ. ಹದಿಹರೆಯ ದಾಟುತ್ತಾ ಬಂದಂತೆ ಇದು ಕಷ್ಟ. ಆಮೇಲೆ ಮೂಳೆಗೆ ಸ್ಕ್ರೂ ಹಾಕುವ ವಿಧಾನ ಅಥವಾ ಆಪರೇಷನ್ ಬೇಕಾಗಬಹುದು.

ಅಪ್ನಿಯಾಗೆ ಇದು ಎಷ್ಟು ಉಪಯೋಗ? 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 31 ಮಕ್ಕಳಿಗೆ ಎಕ್ಸ್‌ಪ್ಯಾಂಡರ್ ಹಾಕಿದಾಗ ಎಎಚ್‌ಐ ಸರಾಸರಿ 12ರ ಆಸುಪಾಸಿನಿಂದ 1ಕ್ಕಿಂತ ಕೆಳಗೆ ಇಳಿಯಿತು. ಎಲ್ಲರೂ ಉಲ್ಲೇಖಿಸುವುದು ಇದನ್ನೇ. ಆ ಮಕ್ಕಳಿಗೆ ದವಡೆ ಕಿರಿದಾಗಿತ್ತು, ಟಾನ್ಸಿಲ್ ಅಡಿನಾಯ್ಡ್ ದೊಡ್ಡದಿರಲಿಲ್ಲ, ಹೋಲಿಕೆಗೆ ಬೇರೆ ಗುಂಪೂ ಇರಲಿಲ್ಲ ಎಂಬುದನ್ನು ಮಾತ್ರ ಹೇಳುವವರು ಕಡಿಮೆ. ದವಡೆ ಕಿರಿದಾಗಿದ್ದು, ಗಂಟಲು ತೆರೆದಿದ್ದರೂ ಅಥವಾ ಆಪರೇಷನ್ ಆದಮೇಲೂ ಅಪ್ನಿಯಾ ಉಳಿದಿರುವ ಮಗುವಿಗೆ ಎಕ್ಸ್‌ಪ್ಯಾಂಡರ್ ಪ್ರಯತ್ನಿಸುವುದು ನ್ಯಾಯವಾದ ಆಯ್ಕೆ. ಟಾನ್ಸಿಲ್ ಗಂಟಲು ತುಂಬಿಕೊಂಡಿರುವಾಗ ಅದನ್ನೇ ಮೊದಲ ಚಿಕಿತ್ಸೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಕೆಳದವಡೆ ಹಿಂದಿರುವ ಮಕ್ಕಳಿಗೆ ಅದನ್ನು ಮುಂದಕ್ಕೆ ಹಿಡಿಯುವ ಟ್ವಿನ್ ಬ್ಲಾಕ್‌ನಂಥ ಸಾಧನಗಳಿವೆ. ಟ್ವಿನ್ ಬ್ಲಾಕ್ ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1970ರ ದಶಕದ ಕೊನೆಯಲ್ಲಿ ರೂಪಿಸಿದ್ದು. ದವಡೆ ಮುಂದೆ ಬಂದಾಗ ನಾಲಿಗೆಯೂ ಮುಂದೆ ಬರುತ್ತದೆ, ಗಂಟಲು ತೆರೆಯುತ್ತದೆ ಎಂಬುದು ತರ್ಕ. ಆದರೆ ಮಕ್ಕಳ ಅಪ್ನಿಯಾಗೆ ಇಂಥ ಸಾಧನಗಳ ಬಗ್ಗೆ, ಚಿಕಿತ್ಸೆಗಳ ಸಾಕ್ಷ್ಯ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2016ರಲ್ಲಿ ನಡೆಸಿದ ಪರಿಶೀಲನೆಯಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 23 ಮಕ್ಕಳ ಒಂದೇ ಒಂದು ಪ್ರಯೋಗ. ಬೇಕು ಎನ್ನಲೂ ಬೇಡ ಎನ್ನಲೂ ಸಾಕ್ಷ್ಯ ಸಾಲದು ಎಂದು ಅವರು ಕೈಚೆಲ್ಲಿದರು. ಹಲ್ಲಿನ ಕಾರಣಕ್ಕೆ ಹಾಕಿಸುವುದಾದರೆ ಹಾಕಿಸಿ. ಉಸಿರಾಟ ಸುಧಾರಿಸಿದರೆ ಅದು ಲಾಭ ಎಂದುಕೊಳ್ಳಿ.

ಮೇಲ್ದವಡೆಯನ್ನು ಕತ್ತಿನ ಹಿಂದಿನಿಂದ ಎಳೆದು ಹಿಡಿಯುವ ಹೆಡ್‌ಗಿಯರ್ ವಿಷಯದಲ್ಲಿ ಎಚ್ಚರ ಬೇಕು. ಮೊದಲೇ ಉಸಿರಿನ ತೊಂದರೆ ಇರುವ ಮಗುವಿಗೆ ಇದರಿಂದ ಜಾಸ್ತಿಯಾಗಬಹುದೆಂಬ ಅನುಮಾನವಿದೆ, ಡಾಕ್ಟರಿಗೆ ಗೊರಕೆಯ ವಿಷಯ ಮೊದಲೇ ತಿಳಿಸಿ. ಆನ್‌ಲೈನಿನಲ್ಲಿ ಸಿಗುವ, ಬಾಯಲ್ಲಿಟ್ಟುಕೊಳ್ಳುವ ಮೆತ್ತನೆಯ ರೆಡಿಮೇಡ್ ಟ್ರೇನರುಗಳನ್ನು ಗೊರಕೆಗೆಂದು ತರಿಸಬೇಡಿ. ಮೂಗು ಕಟ್ಟುವ ಮಗುವಿನ ಬಾಯಿಗೆ ರಾತ್ರಿ ಟೇಪ್ ಅಂಟಿಸುವ ಹುಚ್ಚಾಟವನ್ನಂತೂ ಮಾಡಲೇಬೇಡಿ. ಮೂಗು ಕಟ್ಟಿದಾಗ ಉಳಿದಿರುವ ದಾರಿ ಬಾಯೊಂದೇ.

ಹಂತ 6: ಎಕ್ಸ್‌ಪ್ಯಾಂಡರ್ ಹಾಕಿಸಿದ ಮೇಲೆ ಮನೆಯ ಕೆಲಸ

ಸ್ಕ್ರೂ ತಿರುಗಿಸುವುದು ಮನೆಯವರ ಪಾಲಿಗೆ ಬರುತ್ತದೆ. ಕ್ಲಿನಿಕ್ಕಿನಲ್ಲೇ ಡಾಕ್ಟರ ಎದುರು ನೀವೇ ಒಂದು ಸಲ ತಿರುಗಿಸಿ ತೋರಿಸದೆ ಮನೆಗೆ ಬರಬೇಡಿ.

ಮಗುವನ್ನು ಮಂಚದ ಮೇಲೆ ಮಲಗಿಸಿ, ಗದ್ದ ಮೇಲೆತ್ತಿಸಿ, ಒಬ್ಬರು ಟಾರ್ಚ್ ಹಿಡಿಯಿರಿ. ಸ್ಕ್ರೂ ತಿರುಗಿಸುವ ಕೀಗೆ ಉದ್ದನೆಯ ದಾರ ಕಟ್ಟಿ ನಿಮ್ಮ ಮಣಿಕಟ್ಟಿಗೆ ಸುತ್ತಿಕೊಳ್ಳಿ. ಜಾರಿದರೆ ಅದು ನೇರ ಗಂಟಲಿಗೆ ಹೋಗುವ ಜಾಗ. ಸ್ಕ್ರೂವಿನಲ್ಲಿ ಕಾಣುವ ತೂತಿಗೆ ಕೀ ಪೂರ್ತಿ ಇಳಿಸಿ, ಡಾಕ್ಟರ್ ತೋರಿಸಿದ ದಿಕ್ಕಿಗೆ ತಳ್ಳಿ. ಸಾಮಾನ್ಯವಾಗಿ ಅದು ಮುಂದಿನಿಂದ ಗಂಟಲಿನ ಕಡೆಗೆ. ಮುಂದಿನ ತೂತು ಪೂರ್ತಿಯಾಗಿ ಕಾಣುವವರೆಗೂ ತಳ್ಳಬೇಕು. ಅರ್ಧ ಕಂಡಾಗ ನಿಲ್ಲಿಸಿದರೆ ಮಾರನೇ ದಿನ ಕೀ ಇಳಿಯುವುದೇ ಇಲ್ಲ. ಕೀ ತೆಗೆಯುವಾಗ ಮುಂದಕ್ಕೆ ಎಳೆದರೆ ಸ್ಕ್ರೂ ವಾಪಸ್ ತಿರುಗುತ್ತದೆ. ಹಿಂದಕ್ಕೆ ಒತ್ತಿ ಹಿಡಿದಂತೆಯೇ ಕೆಳಕ್ಕೆ ಜಾರಿಸಿ ತೆಗೆಯಿರಿ. ಬಹುತೇಕ ಸ್ಕ್ರೂಗಳಲ್ಲಿ ಒಂದು ತಿರುವಿಗೆ ಸುಮಾರು ಕಾಲು ಮಿಲಿಮೀಟರ್. ದಿನಕ್ಕೆ ಒಂದೋ ಎರಡೋ ಎಂದು ಡಾಕ್ಟರ್ ಹೇಳುತ್ತಾರೆ. ತಿರುಗಿಸಿದ ಕೂಡಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಪ್ಪ ಒಂದು ಸಲ, ಅಮ್ಮ ಒಂದು ಸಲ, ಹೀಗೆ ಎರಡೆರಡು ಸಲ ಆಗಿಬಿಡುವುದು ಅಪರೂಪವೇನಲ್ಲ. ಒಂದು ದಿನ ತಪ್ಪಿದರೆ ಮರುದಿನ ಸೇರಿಸಿ ತಿರುಗಿಸಬೇಡಿ, ಫೋನ್ ಮಾಡಿ ಕೇಳಿ.

ತಿರುಗಿಸಿದ ಮೇಲೆ ಕೆಲವು ನಿಮಿಷ ಮೂಗಿನ ಬುಡದಲ್ಲಿ, ಕೆನ್ನೆಯಲ್ಲಿ ಬಿಗಿತ ಅನಿಸುತ್ತದೆ. ಮೊದಲ ಕೆಲವು ದಿನ ಜೊಲ್ಲು ಜಾಸ್ತಿ, ಮಾತು ತೊದಲು. ಒಂದೆರಡು ವಾರದಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿಡುತ್ತದೆ. ಹೆದರಬೇಡಿ, ಮೂಳೆ ಅಗಲುತ್ತಿದೆ ಎಂಬುದರ ಗುರುತು ಅದು. ಬರುವ ತಿಂಗಳುಗಳಲ್ಲಿ ಬಹುಪಾಲು ತಾನೇ ಮುಚ್ಚಿಕೊಳ್ಳುತ್ತದೆ. ಎಷ್ಟು ತಿರುಗಿಸಿದರೂ ಸಂದು ಕಾಣದಿದ್ದರೆ, ಜೋರು ನೋವಿದ್ದರೆ, ಅಥವಾ ಸಾಧನ ಅಲ್ಲಾಡಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ.

ತಿರುಗಿಸುವ ಕೆಲಸ ಕೆಲವೇ ವಾರದ್ದು. ಆಮೇಲೂ ಸಾಧನ ಕೆಲವು ತಿಂಗಳು, ಸಾಮಾನ್ಯವಾಗಿ ಮೂರರಿಂದ ಆರು, ಬಾಯಲ್ಲೇ ಇರಬೇಕು. ನಡುವೆ ಮೂಳೆ ತುಂಬಿ ಗಟ್ಟಿಯಾಗದೆ ತೆಗೆದರೆ ಅಂಗುಳ ಮತ್ತೆ ಕುಗ್ಗುತ್ತದೆ. ಅಷ್ಟು ದಿನವೂ ಬ್ರಷ್ ಮಾಡುವಾಗ ಸಾಧನದ ಮೇಲ್ಭಾಗಕ್ಕೆ ನೀರು ರಭಸವಾಗಿ ಹೋಗುವಂತೆ ಮುಕ್ಕಳಿಸಲಿ. ಅಂಟುವ, ಗಟ್ಟಿಯಾದ ತಿಂಡಿ ಬೇಡ.

ತೆಗೆದು ಹಾಕುವ ಪ್ಲೇಟಾದರೆ ಇನ್ನೆರಡು ಮಾತು. ಸಡಿಲವಾದ ಪ್ಲೇಟನ್ನು ರಾತ್ರಿ ಹಾಕಿಸಬೇಡಿ, ನಿದ್ದೆಯಲ್ಲಿ ಜಾರಬಹುದು. ಮಗುವಿಗೆ ಫಿಟ್ಸ್ ಬರುವುದಿದ್ದರೆ ಪ್ಲೇಟು ಮಾಡಿಸುವ ಮೊದಲೇ ಹೇಳಿ.

ಹಂತ 7: ಮತ್ತೆ ಅಳತೆ

ಗೊರಕೆ ನಿಂತಿತು ಎಂದು ಇಲ್ಲಿಗೇ ಕೈತೊಳೆದುಕೊಳ್ಳುವವರೇ ಜಾಸ್ತಿ. ಗೊರಕೆಯ ಸದ್ದು ಕಡಿಮೆಯಾಗಿ ಅಪ್ನಿಯಾ ಉಳಿದುಕೊಳ್ಳುವುದುಂಟು. ಮೊದಲ ಸ್ಲೀಪ್ ಸ್ಟಡಿಯಲ್ಲಿ ಎಎಚ್‌ಐ ಹೆಚ್ಚಿದ್ದರೆ ಅಂಗುಳ ಅಗಲವಾಗಿ ಕೆಲವು ತಿಂಗಳಾದ ಮೇಲೆ ಎರಡನೇ ಸ್ಟಡಿ ಬೇಕು. ಅಷ್ಟರಲ್ಲಿ ಮೊದಲಿನ ಹಾಗೇ ಬೆಳಗಿನ ಜಾವದ ವಿಡಿಯೊ ಮಾಡಿ, ಹಳೆಯದರ ಪಕ್ಕದಲ್ಲಿಟ್ಟು ನೋಡಿ.

ಎರಡನೇ ವರದಿಯಲ್ಲೂ ತೊಂದರೆ ಉಳಿದಿದ್ದರೆ ದಾರಿ ಮುಗಿಯಲಿಲ್ಲ. ಇಎನ್‌ಟಿಯವರು ಅಡಿನಾಯ್ಡ್ ಮತ್ತೆ ಬೆಳೆದಿದೆಯೇ ಎಂದು ನೋಡುತ್ತಾರೆ. ತೂಕ ಜಾಸ್ತಿ ಇದ್ದರೆ ಇಳಿಸಲು ಹೇಳುತ್ತಾರೆ. ರಾತ್ರಿ ಮುಖವಾಡದ ಮೂಲಕ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಯಂತ್ರವೂ ಇದೆ. ಅದನ್ನು ವರ್ಷಗಟ್ಟಲೆ ಹಾಕಿದರೆ ಮುಖವಾಡದ ಒತ್ತಿಗೆ ಮುಖದ ನಡುಭಾಗದ ಬೆಳವಣಿಗೆ ಕುಂಠಿತವಾಗಬಹುದು. ಆಗ ಆರ್ಥೊಡಾಂಟಿಸ್ಟ್ ಆಗಾಗ ನೋಡುತ್ತಿರಬೇಕು. ಡೌನ್ ಸಿಂಡ್ರೋಮ್ ಇರುವ ಅಥವಾ ಹುಟ್ಟಿನಿಂದಲೇ ದವಡೆ ಚಿಕ್ಕದಿರುವ ಮಕ್ಕಳಿಗೆ ಒಂದೇ ಚಿಕಿತ್ಸೆ ಸಾಲದು. ಅವರನ್ನು ಮೊದಲಿನಿಂದಲೇ ಎಲ್ಲ ತಜ್ಞರೂ ಒಟ್ಟಿಗೆ ಇರುವ ದೊಡ್ಡ ಆಸ್ಪತ್ರೆಯಲ್ಲಿ ತೋರಿಸುವುದು ಮೇಲು.

ಸರಿಹೋದ ಮಕ್ಕಳಲ್ಲೂ ಹದಿಹರೆಯದಲ್ಲಿ, ವಿಶೇಷವಾಗಿ ತೂಕ ಏರಿದಾಗ, ಗೊರಕೆ ಮರಳಬಹುದು. ಎರಡೂ ಸ್ಲೀಪ್ ಸ್ಟಡಿಗಳ ವರದಿ, ಪ್ಲೇಟಿನ ಮೊದಲಿನ ಮತ್ತು ನಂತರದ ಫೋಟೋ, ಎಷ್ಟು ತಿರುವು ಆಯಿತೆಂಬ ಕ್ಯಾಲೆಂಡರಿನ ಲೆಕ್ಕ, ಆಪರೇಷನ್ ಆಗಿದ್ದರೆ ಅದರ ಚೀಟಿ, ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ಹೊಸ ಡಾಕ್ಟರ ಬಳಿ ಹೋದರೆ ಅವರು ಮೊದಲು ಕೇಳುವುದು ಅದನ್ನೇ.